ಮನೆಗೂ ಒಬ್ಬ ರಿಲೀವರ್

ಕಳೆದ ತಿಂಗಳು ನಮ್ಮ ಫೋರ್ಜಿಂಗ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಂದು ಖಾಲಿ ಕುರ್ಚಿಗೆ ಶಾಲು ಹೊದಿಸಿದರು. ಆ ಕುರ್ಚಿಯಲ್ಲಿ ಕೂರಬೇಕಾದವರು ಬಂದಿರಲಿಲ್ಲ. ನಿವೃತ್ತಿ ಅವರದು, ಹಾರ ಅವರದು, ಮೈಕಿನಲ್ಲಿ ಹರಿಯುತ್ತಿದ್ದ ಹೊಗಳಿಕೆಯೂ ಅವರದೇ. ಮನುಷ್ಯ ಮಾತ್ರ ಬಾಗಲಗುಂಟೆಯ ಮನೆಯಲ್ಲಿದ್ದರು. ಆಫೀಸಿನವರೊಬ್ಬರು ಓದಿದರು: “ಶಾಂತ ಸ್ವಭಾವ, ತಾಳ್ಮೆಯ ಪ್ರತಿರೂಪ, ಆದರ್ಶ ಪತಿ.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅವರ ಹ್ಯಾಮರಿನ ಬಾಯಿಗೆ ಕೆಂಪು ಕಬ್ಬಿಣ ಕೊಡುತ್ತ ಅರ್ಧ ಆಯಸ್ಸು ಕಳೆದವನು ನಾನು. ಶಾಂತ ಸ್ವಭಾವವಂತೆ! ಪೀಣ್ಯ ಎರಡನೇ ಹಂತದಲ್ಲಿ ಆ ಮನುಷ್ಯ ರಸ್ತೆ ದಾಟುತ್ತಿದ್ದರೆ ಲಾರಿಯವರು ಹಾರನ್ ಒತ್ತಲು ಯೋಚಿಸುತ್ತಿದ್ದರು.

ನಾನು ಬಾಗಲಕೋಟೆ ಕಡೆಯವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಕೈಗೆತ್ತಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟವನೂ ಅಲ್ಲ. ಶಾಲು ಹೊದಿಸಿದವರು ಹೇಳಿದ್ದು ಸುಳ್ಳಾದ್ದರಿಂದ ನಿಜವನ್ನು ನಾನು ಬರೆಯಬೇಕಾಗಿ ಬಂದಿದೆ. ಅವರ ಹೆಸರು ಬರೆಯುವುದಿಲ್ಲ. ಇಡೀ ಶಾಪು ಅವರನ್ನು ಹ್ಯಾಮರಣ್ಣ ಎನ್ನುತ್ತಿತ್ತು, ಅಷ್ಟು ಸಾಕು.

ಅವರು ಹ್ಯಾಮರ್ ಡ್ರೈವರ್. ಕುಲುಮೆಯಿಂದ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದು ಹ್ಯಾಮರಿನ ಕೆಳಗೆ ಇಡುವವನು ನಾನು. ಲಿವರ್ ಎಳೆದು ಏಟು ಬೀಳಿಸುವವರು ಅವರು. ನಾನು ಇಡುವ ಮೊದಲೇ ಏಟು ಬಿದ್ದರೆ ಇಕ್ಕಳ ಎಗರಿ ನನ್ನ ಪಕ್ಕೆಲುಬು ಹೋಗುತ್ತದೆ. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಎಲ್ಲ ಕಣ್ಣಲ್ಲಿ, ತಲೆಯಾಡಿಸುವುದರಲ್ಲಿ. ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಪಕ್ಕದ ಹ್ಯಾಮರಿನ ಕಡೆ ಒಮ್ಮೆ ತಿರುಗಿ ನೋಡಿದೆ. ಅವರು ಮಷೀನು ನಿಲ್ಲಿಸಿದರು, ಸುತ್ತಿ ಬಂದರು, ಒಂದು ಬಾರಿಸಿದರು. ನನ್ನ ಹೆಲ್ಮೆಟ್ಟು ಉರುಳಿ ಕುಲುಮೆಯ ಹತ್ತಿರ ಹೋಗಿ ನಿಂತಿತು.

“ಕಣ್ಣು ಕಬ್ಬಿಣದ ಮ್ಯಾಲಿರ್ಲಿ ಕಣ್ಲಾ. ಇಲ್ದಿದ್ರೆ ನಿನ್ ಎಂಡ್ರು ನಂಗೆ ಶಾಪ ಆಕ್ತಾಳೆ.”

“ನಂದಿನ್ನೂ ಮದುವಿ ಆಗಿಲ್ರೀ ಅಣ್ಣಾರ.”

“ಆಗಾದ್ ಬ್ಯಾಡ್ವಾ ಮತ್ತೆ?” ಎಂದು ಕಿವಿ ಹರಿಯುವಂತೆ ನಕ್ಕರು. ಶಿರಾ ಕಡೆಯ ಮಾತು ಅವರದು. ಹ್ಯಾಮರಿನ ಸದ್ದಿಗೆ ಕಿವಿ ಅರ್ಧ ಹೋಗಿದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದರು.

ನಮ್ಮ ಶಾಪಿನಲ್ಲಿ ಒಂದು ಕಟ್ಟುಪಾಡು ಉಂಟು. ಶಿಫ್ಟ್ ಮುಗಿದ ಸೈರನ್ ಕೂಗಿದ ಮಾತ್ರಕ್ಕೆ ಹ್ಯಾಮರ್ ಡ್ರೈವರ್ ಕೈ ಬಿಡುವಂತಿಲ್ಲ. ಮುಂದಿನ ಶಿಫ್ಟಿನವನು ಬಂದು ಹಿಂದಿನಿಂದ ಭುಜ ಮುಟ್ಟಬೇಕು. ಅವನೇ ರಿಲೀವರ್. ಅವನು ಬರದಿದ್ದರೆ ಡಬಲ್ ಶಿಫ್ಟ್ ಆದರೂ ಸರಿ, ನಿಂತಿರಬೇಕು. ಬಿಟ್ಟು ಹೋದರೆ ಮೆಮೊ. ಅದು ಸರಿಯಾದ ಕಾನೂನೇ. ಕುಲುಮೆ ಉರಿಯುತ್ತಿರುವಾಗ, ಗಾಳಿಯ ಒತ್ತಡದಲ್ಲಿ ಅಷ್ಟು ತೂಕ ಮೇಲೆ ನಿಂತಿರುವಾಗ, ಬಿಟ್ಟು ಹೋದರೆ ಯಾರಾದರೂ ಸಾಯುತ್ತಾರೆ.

ಅವರ ಕೈ ಹೇಗಿತ್ತೆಂದು ಹೇಳಬೇಕು. ಒಮ್ಮೆ ಕಂಟ್ರಾಕ್ಟರನ ಸೂಪರ್‌ವೈಸರ್ ಒಬ್ಬ, ಕಬ್ಬಿಣದ ಹೊಟ್ಟು ಗುಡಿಸುತ್ತಿದ್ದ ಹೆಂಗಸಿನ ಕೆನ್ನೆಗೆ ಹೊಡೆದ. ಹ್ಯಾಮರಣ್ಣ ನಡೆದು ಹೋಗಿ ಒಂದೇ ಒಂದು ಕೊಟ್ಟರು. ಸೂಪರ್‌ವೈಸರ್ ಆ ಹೊಟ್ಟಿನ ರಾಶಿಯಲ್ಲೇ ಕೂತು ತನ್ನ ಹಲ್ಲು ಹುಡುಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಸ್ಪೆಂಡ್ ಆಗಿ, ತಿರುಗಿ ಬಂದ ದಿನ ನಾನು ಕೇಳಿದೆ: “ಅಣ್ಣಾರ, ಬ್ಯಾಸರ ಆತೇನ್ರಿ?”

“ಊಂ ಕಣ್ಲಾ. ಇನ್ನೊಂದ್ ಕೊಡಬೇಕಾಗಿತ್ತು.”

ಅವರ ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸದವರು. ಒಂದು ಸಂಜೆ ತುಮಕೂರು ರಸ್ತೆಯಲ್ಲಿ ಅವರಿದ್ದ ಆಟೋಗೆ ನೀರಿನ ಟ್ಯಾಂಕರ್ ಗುದ್ದಿತು. ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ನಾವು ಕೇಳಿದಾಗಲೆಲ್ಲ ಹ್ಯಾಮರಣ್ಣ ಒಂದೇ ಮಾತು ಹೇಳುತ್ತಿದ್ದರು: “ಈಗ ಪರ್ವಾಗಿಲ್ಲ.”

ಅದಾದ ಮೇಲೆಯೇ ಅವರ ಮುಖದ ಮೇಲೆ ಗಾಯಗಳು ಶುರುವಾದವು. ಒಂದು ದಿನ ಕಣ್ಣ ಸುತ್ತ ನೀಲಿ. ಇನ್ನೊಂದು ದಿನ ಕೆನ್ನೆಯ ಮೇಲೆ ಉಗುರಿನ ಗೀರು. ತುಟಿ ಸೀಳಿ ಬಂದ ದಿನ ಟೀ ಕುಡಿಯಲಾಗದೆ ತಣ್ಣಗಾಗಿಸಿ ಸುರಿದುಕೊಂಡರು. ಜಗಳಗಂಟ ಎಂದು ಹೆಸರಾದ ಮನುಷ್ಯನಿಗೆ ಗಾಯವಾದರೆ ಯಾರು ತಾನೇ ಬೇರೆ ಏನು ಯೋಚಿಸುತ್ತಾರೆ?

“ಇವತ್ತು ಯಾರ್ ಜೊತೆ ಗುರು?” ಎಂದು ಕ್ಯಾಂಟೀನಿನಲ್ಲಿ ಕೇಳುವರು. ಅವರು ಹೇಳುವರು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿ ಕ್ಲೀನರ್. ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ಮೂವರು ಕುಡುಕರು. ಸೈಟು ನೋಡಲು ಬಂದ ಬ್ರೋಕರ್. ಒಂದಕ್ಕಿಂತ ಒಂದು ಚೆಂದದ ಕಥೆ. ಎಲ್ಲ ಕಥೆಯಲ್ಲೂ ಕೊನೆಗೆ ಎದುರಾಳಿ ಚರಂಡಿಯಲ್ಲಿ. ಅನ್ನ ತಣ್ಣಗಾಗುವವರೆಗೆ ಜನ ಬಾಯಿ ತೆರೆದು ಕೇಳುತ್ತಿದ್ದರು.

ಒಂದು ದಿನ ಮುಂಗೈ ಮೇಲೆ ಹಲ್ಲಿನ ಗುರುತು. ನಾನು ಕೇಳಿದೆ: “ಲಾರಿಯಾಂವ ಕಡದಾನೇನ್ರೀ ಅಣ್ಣಾರ?”

“ಆ ನನ್ಮಗ ನಾಯಿ ಜಾತಿ ಕಣಯ್ಯಾ,” ಎಂದರು. ನಕ್ಕೆವು. ಅವರೂ ನಕ್ಕರು.

ಮತ್ತೊಂದು ಬೆಳಿಗ್ಗೆ ತಲೆ ಒಡೆದುಕೊಂಡೇ ಬಂದರು. ಕರ್ಚೀಫು ಕಟ್ಟಿದ್ದರು. ಹ್ಯಾಮರಿನ ಅದುರುವಿಕೆಗೆ ಗಾಯ ಬಿಚ್ಚಿ, ಕನ್ನಡಕದ ಒಳಗೆ ರಕ್ತ ಇಳಿದು, ಕಣ್ಣು ಕಾಣದೆ ಲಿವರಿನ ಮೇಲೆ ಕೈ ಗಟ್ಟಿಯಾಗಿ ನಿಂತುಬಿಟ್ಟರು. ಏಟು ಬೀಳಲಿಲ್ಲ. ಬಿದ್ದಿದ್ದರೆ ನಾನು ಈಗ ಬರೆಯುತ್ತಿರಲಿಲ್ಲ. ಆಫೀಸಿನಿಂದ ಹೊಸ ಮ್ಯಾನೇಜರ್ ಇಳಿದು ಬಂದರು, ನೋಡಿದರು, ಆ ದಿನವೇ ಚಾರ್ಜ್‌ಶೀಟ್ ಕೊಟ್ಟರು. ಪದೇ ಪದೇ ಹೊರಗೆ ಹೊಡೆದಾಡುತ್ತಾರೆ, ಕಂಪನಿಗೆ ಕೆಟ್ಟ ಹೆಸರು, ಶಾಪಿನಲ್ಲಿ ಅಪಾಯ. ವಿಚಾರಣೆಯಲ್ಲಿ ಸಾಬೀತಾದರೆ ಕೆಲಸದಿಂದ ವಜಾ.

ಇಂಥ ವಿಚಾರಣೆಯಲ್ಲಿ ಕೆಲಸಗಾರನ ಪಕ್ಕದಲ್ಲಿ ಇನ್ನೊಬ್ಬ ಕೆಲಸಗಾರ ಕೂರಬಹುದು. ಅವರು ನನ್ನ ಹೆಸರು ಕೊಟ್ಟರು. ಇಕ್ಕಳ ಹಿಡಿದವನು ನಾನು, ಬೇರೆ ಯಾರ ಹೆಸರು ಕೊಡುತ್ತಾರೆ? ಏನು ಹೇಳಬೇಕೆಂದು ಮಾತಾಡಿಕೊಳ್ಳಲು ಒಂದು ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಮನೆಗೆ ಕರೆದಿರಲಿಲ್ಲ.

ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಹೆಂಡತಿ ಬೀದಿಗೆ ಓಡದಿರಲೆಂದು ಕಿಟಕಿಯಿಂದ ಕೈ ಚಾಚಿ ಹ್ಯಾಮರಣ್ಣನೇ ಹಾಕಿದ್ದೆಂದು ಆಮೇಲೆ ತಿಳಿಯಿತು. ಒಳಗೆ ಜನ ಇದ್ದ ಸದ್ದು. ಚಿಲಕ ತೆಗೆದು ಒಳಗೆ ಕಾಲಿಟ್ಟೆ. ಗೋಡೆಗೆಲ್ಲ ಆಳೆತ್ತರಕ್ಕೆ ಕಪ್ಪು ರಬ್ಬರು. ನಮ್ಮ ಕಾರ್ಖಾನೆಯ ಸ್ಕ್ರಾಪಿನ ಕನ್ವೇಯರ್ ಬೆಲ್ಟನ್ನು ಕತ್ತರಿಸಿ, ಮೊಳೆಯ ತಲೆ ಹೊರಗೆ ಕಾಣದಂತೆ ಜಡಿದಿದ್ದರು. ಗಾಜಿಲ್ಲ, ಕನ್ನಡಿಯಿಲ್ಲ, ಸ್ಟೀಲಿನ ಪಾತ್ರೆಯಿಲ್ಲ. ಮೂಲೆಯಲ್ಲಿ ಕಣ್ಣು ಮಂಜಾದ ಮುದುಕಿಯೊಬ್ಬರು ಕೂತಿದ್ದರು. ನಡುಮನೆಯಲ್ಲಿ ಹ್ಯಾಮರಣ್ಣ ಬಗ್ಗಿ ನಿಂತಿದ್ದರು. ಅವರ ಹೆಂಡತಿ ಬಕೆಟ್ಟಿನ ಕಂಬಿ ಕಿತ್ತುಕೊಂಡು ಅವರ ಬೆನ್ನಿಗೆ ಬಾರಿಸುತ್ತಿದ್ದರು. ಸುಮ್ಮನೆ ಕೋಪದ ಏಟಲ್ಲ ಅವು. ಕೊಲ್ಲುವ ಏಟು.

“ಯಾರೋ ನೀನು? ಕಳ್ ನನ್ಮಗ್ನೆ, ನಮ್ ಮನೇಗ್ ಯಾಕ್ ಬಂದೆ?”

“ನಾನೇ ಕಣೆ. ನಿನ್ ಗಂಡ ಕಣೆ. ಒಡಿ, ಬೆನ್ನಿಗೆ ಒಡಿ, ತಲೇಗ್ ಬ್ಯಾಡ. ನಾಳೆ ಡ್ಯೂಟಿ ಐತೆ.”

ನಾನು ನುಗ್ಗಿ ಆಕೆಯ ಕೈ ಹಿಡಿಯಲು ಹೋದೆ. ಹ್ಯಾಮರಣ್ಣ ತಿರುಗಿ ಗುಡುಗಿದರು. “ಮುಟ್ಬ್ಯಾಡ ಕಣ್ಲಾ! ಇಡ್ಕಂಡ್ರೆ ಜಾಸ್ತಿ ಆಗ್ತದೆ. ಅಲ್ಲೇ ನಿಂತ್ಕ.” ಅಷ್ಟರಲ್ಲಿ ಕಂಬಿ ಅವರ ಕಿವಿಯ ಹಿಂದೆ ಬಿತ್ತು. ರಕ್ತ ಬಂತು. ಅವರು ಕಣ್ಣು ಮುಚ್ಚಿ ತಡೆದುಕೊಂಡರು. ಸ್ವಲ್ಪ ಹೊತ್ತಿಗೆ ಆಕೆಗೇ ಸುಸ್ತಾಗಿ ಕಂಬಿ ಬಿಟ್ಟು ಕುಸಿದರು. ಕೂತವರು ನನ್ನ ಕಡೆ ನೋಡಿ, ಮನೆಗೆ ಬಂದ ನೆಂಟರನ್ನು ಕೇಳುವಂತೆ ಕೇಳಿದರು: “ಊಟ ಆಯ್ತಾಪ್ಪಾ?”

ಮೂಲೆಯ ಮುದುಕಿ, ಹ್ಯಾಮರಣ್ಣನ ಅತ್ತೆ, ಹೇಳಿದರು: “ಅವರು ಡ್ಯೂಟಿಗೋದ್ರೆ ನಾನಿರ್ತೀನಿ ಕಣಪ್ಪಾ. ನಂಗೂ ಒಡೀತಾಳೆ. ಎತ್ತ ಮಗಳು. ಯಾರಿಗೋಗಿ ಯೇಳ್ಲಿ? ಜಾಸ್ತಿ ಆದ್ರೆ ಬಚ್ಚಲು ಮನೇಗೋಗಿ ಚಿಲಕ ಆಕ್ಕಂತೀನಿ.”

ಹೊರಗೆ ಮೆಟ್ಟಿಲ ಮೇಲೆ ಕೂತು ಹ್ಯಾಮರಣ್ಣ ಕಿವಿಯ ಹಿಂದೆ ಅರಿಶಿನ ಒತ್ತಿಕೊಂಡರು. ಡಾಕ್ಟರು ಹೇಳಿದ್ದಾರಂತೆ: ತಲೆಯ ಪೆಟ್ಟಿನಿಂದ ಕೋಪ ತಡೆಯುವ ಜಾಗವೇ ಹೋಗಿದೆ, ಮಾತ್ರೆಯಿಂದ ಅಷ್ಟಿಷ್ಟು ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ.

“ಅಣ್ಣಾರ, ಇದನ್ನ ಹೇಳಿಬಿಡ್ರಿ. ಹೊರಗ ಹೊಡದಾಡಿಲ್ಲ ಅಂತ ಗೊತ್ತಾದ್ರ ನೌಕರಿ ಉಳೀತೈತಿ.”

“ಎಂಡ್ತಿ ಕೈಲಿ ಒದೆ ತಿಂತೀನಿ ಅಂತ ಯೇಳ್ಲಾ?” ಎಂದರು. “ಲೋ, ಈ ಕೈ ನೋಡ್ಲಾ. ಈ ಕೈ ಇಟ್ಕಂಡು ಅಂಗ್ ಯೇಳಕಾಗ್ತದಾ? ರೌಡಿ ಅಂತ ಕಿತ್ತಾಕ್ಲಿ. ಅದೇ ಮೇಲು.”

ವಿಚಾರಣೆ ಆಫೀಸಿನ ಮೇಲಿನ ಕೋಣೆಯಲ್ಲಿ ನಡೆಯಿತು. ವಿಚಾರಣಾಧಿಕಾರಿ ಎಂದು ಹೊರಗಿನ ವಕೀಲರೊಬ್ಬರನ್ನು ಕರೆಸಿದ್ದರು. ಮ್ಯಾನೇಜರು ಒಂದು ಕಡೆ, ನಾವಿಬ್ಬರು ಇನ್ನೊಂದು ಕಡೆ. ತಲೆ ಒಡೆದವರು ಯಾರು ಎಂದು ವಕೀಲರು ಕೇಳಿದರು.

“ಲಾರಿ ಡ್ರೈವರು ಸಾರ್.”

“ಎಲ್ಲಿ?”

“ಎಂಟನೇ ಮೈಲೀಲಿ.”

“ಪೊಲೀಸ್ ಕಂಪ್ಲೇಂಟ್ ಕೊಟ್ರಾ? ನೋಡಿದವರು ಯಾರಾದ್ರೂ ಇದಾರಾ?” ಹ್ಯಾಮರಣ್ಣ ಇಲ್ಲವೆಂದು ತಲೆಯಾಡಿಸಿದರು. ವಕೀಲರು ಪೆನ್ನು ಕೆಳಗಿಟ್ಟರು. “ನೋಡಿ, ಹಿಂದೆ ಒಬ್ಬರ ಹಲ್ಲು ಉದುರಿಸಿದೀರಿ. ನೀವು ಹೊಡೆದಾಟದ ಮನುಷ್ಯ ಅಂತ ಒಪ್ಕೊಂಡುಬಿಡಿ, ಬೇಗ ಮುಗಿಯುತ್ತೆ.”

ಒಪ್ಪಿಕೊಂಡರೆ ಕೆಲಸ ಹೋಯಿತು. ಕೆಲಸ ಹೋದರೆ ಹೆಂಡತಿಯ ಮಾತ್ರೆಗೆ, ಆಸ್ಪತ್ರೆಗೆ ಇರುವ ಇಎಸ್‌ಐ ಹೋಯಿತು. ಇದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಮೇಜಿನ ಕೆಳಗೆ ಅವರ ಕಾಲನ್ನು ನನ್ನ ಬೂಟಿನಿಂದ ಒತ್ತಿದೆ.

“ನನ್ನ ಎಂಡ್ತಿ ಸಾರ್,” ಎಂದರು. ಅವರ ದನಿ ಸಣ್ಣದಾಗಿ ಕೇಳಿದ್ದು ಜೀವನದಲ್ಲಿ ಅದೇ ಮೊದಲು.

“ಏನು?”

“ಒಡೆದಿದ್ದು ನನ್ನ ಎಂಡ್ತಿ.”

ಮ್ಯಾನೇಜರು ನಕ್ಕರು. ಟೈಪು ಮಾಡುತ್ತಿದ್ದವನಂತೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ವಕೀಲರು ನಗು ತಡೆಯಲು ನೀರು ಕುಡಿದರು. ಹ್ಯಾಮರಣ್ಣ ಎದ್ದು ನಿಂತರು. ಮುಷ್ಟಿ ಮೇಜಿನ ಮೇಲೆ ಬಿತ್ತು. ನೀರಿನ ಲೋಟ ಹಾರಿತು, ಮೇಜಿನ ಹಲಗೆ ಉದ್ದಕ್ಕೆ ಸೀಳಿತು. ಆಮೇಲೆ ಶರ್ಟು ಬಿಚ್ಚಿದರು.

ನಾನೂ ಪೂರ್ತಿ ನೋಡಿದ್ದು ಅಂದೇ. ಬೆನ್ನ ತುಂಬ ಹಳೆಯ ಬರೆ, ಹೊಸ ಬರೆ. ಭುಜದ ಮೇಲೆ ಹಲ್ಲು ನಾಟಿ ಹುಣ್ಣಾಗಿ ಒಣಗಿದ್ದು. ಹೊಟ್ಟೆಯ ಮೇಲೆ ಬಿಸಿ ನೀರು ಬಿದ್ದು ಚರ್ಮ ಎದ್ದದ್ದು. ಕುಲುಮೆಯ ಕಿಡಿ ಹಾರಿ ಆದ ಕಪ್ಪು ಚುಕ್ಕೆಗಳು ನಮ್ಮೆಲ್ಲರ ಮೈಮೇಲೂ ಇವೆ. ಅವು ಯಾವುವು, ಇವು ಯಾವುವು ಎಂದು ಬೆರಳಿಟ್ಟು ತೋರಿಸಿದರು. ಟೈಪು ನಿಂತಿತು. ಆ ಕೋಣೆಯಲ್ಲಿ ಮತ್ತೆ ಯಾರೂ ನಗಲಿಲ್ಲ.

ಮಾರನೆಯ ದಿನ ಮ್ಯಾನೇಜರು ನಮ್ಮನ್ನು ಕರೆಸಿ, ಬಾಗಿಲು ಹಾಕಿ, ಮೆತ್ತಗೆ ಮಾತಾಡಿದರು. ಕೆಟ್ಟವರಲ್ಲ ಅವರು. “ಮಾನವೀಯತೆಯ ಮೇಲೆ ನಿಮಗೊಬ್ಬರಿಗೆ ಒಂದು ತಿಂಗಳು ರಜೆ ಕೊಡ್ತೀನಿ. ಫೈಲು ಕ್ಲೋಸ್ ಮಾಡ್ತೀನಿ. ಆದರೆ ಹೊರಗೆ ಯಾರಿಗೂ ಹೇಳಬೇಡಿ. ಎಲ್ಲರೂ ಕೇಳೋಕೆ ಶುರು ಮಾಡ್ತಾರೆ.”

“ರಜ ತಗಂಡು ಎಲ್ಲಿಗೋಗ್ಲಿ ಸಾರ್? ಅದೇ ಮನೇಗ್ ತಾನೆ? ಇನ್ನೂ ಜಾಸ್ತಿ ಒದೆ.”

“ಮತ್ತೇನು ಬೇಕು?”

“ರಿಲೀವರ್ ಬೇಕು.”

“ಮನೆಗಾ?” ಮ್ಯಾನೇಜರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಅದು ನಿಮ್ಮ ಸಂಸಾರ. ಕಂಪನಿಗೂ ಅದಕ್ಕೂ ಏನು ಸಂಬಂಧ?”

“ರಿಲೀವರ್ ಇಲ್ದೆ ನಾನು ಹ್ಯಾಮರ್ ಬಿಟ್ಟೋದ್ರೆ ಮೆಮೊ ಕೊಡ್ತೀರಾ. ನಿದ್ದೆ ಇಲ್ದೆ ಹ್ಯಾಮರ್ ಮುಂದೆ ನಿಂತ್ರೂ ಮೆಮೊ ಕೊಡ್ತೀರಾ. ಸರಿ, ಕೊಡಿ. ನಾನು ಎರಡು ಕಡೆ ಡ್ಯೂಟಿ ಮಾಡ್ತಿದೀನಿ ಸಾರ್. ಇಲ್ಲಿ ಭುಜ ಮುಟ್ಟಾಕೆ ಒಬ್ಬ ಬರ್ತಾನೆ. ಅಲ್ಲಿ ಯಾವತ್ತೂ ಯಾರೂ ಬರಲ್ಲ. ನಂಗೊಬ್ಬನಿಗೆ ಅಂದ್ರೆ ಬ್ಯಾಡ. ಕೊಟ್ರೆ ಎಲ್ರಿಗೂ ಕೊಡಿ.”

ಮ್ಯಾನೇಜರು ಫೈಲು ಮುಚ್ಚಲಿಲ್ಲ. ಯಾವ ದಿನ ಬೇಕಾದರೂ ವಜಾ ಆರ್ಡರ್ ಬರಬಹುದು ಎಂಬ ಸ್ಥಿತಿಯಲ್ಲೇ ಅವರನ್ನು ಇಟ್ಟರು.

ಅಲ್ಲಿಂದ ಮುಂದೆ ಹ್ಯಾಮರಣ್ಣ ಊಟದ ಹೊತ್ತಿನಲ್ಲಿ ಕಥೆ ಹೇಳುವುದನ್ನು ಬಿಟ್ಟರು. ಒಂದೊಂದು ಸೆಕ್ಷನ್ನಿಗೂ ಹೋಗಿ, ತಮ್ಮ ಆ ದೊಡ್ಡ ದನಿಯಲ್ಲಿ ಕೇಳುವರು: “ನಿಮ್ಮನೇಲಿ ಯಾರವ್ರೆ? ಯಾರು ನೋಡ್ಕತಾರೆ?” ಜನ ಮುಖ ತಿರುಗಿಸುವರು. ಇಂಥದ್ದನ್ನು ಕೂಗಿ ಕೇಳಿದರೆ ಯಾರು ಹೇಳುತ್ತಾರೆ? ಆದರೆ ಕೈ ತೊಳೆಯುವ ನಲ್ಲಿಯ ಹತ್ತಿರ ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ನಿಲ್ಲುವರು. ಗ್ರೈಂಡಿಂಗಿನವನ ಅಪ್ಪ ಲಕ್ವ ಹೊಡೆದು ಮಲಗಿದ್ದಾನೆ. ಸ್ಟೋರಿನವನ ತಾಯಿಗೆ ಮಗನ ಗುರುತೇ ಹತ್ತುವುದಿಲ್ಲ. ಇವರೆಲ್ಲ ನಮ್ಮ ಜೊತೆಯೇ ಉಂಡವರು, ನಮ್ಮ ಜೊತೆಯೇ ನಕ್ಕವರು.

ಬೇಡಿಕೆಯನ್ನು ಯೂನಿಯನ್ ಎತ್ತಿಕೊಳ್ಳಲಿ ಎಂದು ಒಂದು ಸಂಜೆ ಗೇಟಿನ ಹೊರಗೆ ಸ್ಟೂಲು ಹತ್ತಿ ನಿಂತು ತಮ್ಮ ಮನೆಯ ವಿಷಯವನ್ನೇ ಹೇಳಿ ಮಾತಾಡಿದರು. ಪ್ರೆಸ್ ಶಾಪಿನ ಒಬ್ಬ, ಕುಡಿದು ಬಂದಿದ್ದವನು, ಗುಂಪಿನಿಂದ ಕೂಗಿದ:

“ಲೇ ಮಚ್ಚಾ, ಹೆಂಡ್ತಿ ಕೈಲಿ ಒದೆ ತಿನ್ನೋನು ಲೀಡರಾ? ಸೀರೆ ಉಟ್ಕೊಂಡ್ ಬಾ ಗುರು!”

ಜನ ನಕ್ಕರು. ಹ್ಯಾಮರಣ್ಣ ಸ್ಟೂಲು ಇಳಿದರು. ಗುಂಪು ತಾನಾಗಿ ಜಾಗ ಬಿಟ್ಟಿತು. ಈಗ ಇವನ ಹಲ್ಲು ಹೋಯಿತು ಎಂದೇ ಎಲ್ಲರ ಲೆಕ್ಕ. ಅವರು ಅವನ ಮುಂದೆ ಹೋಗಿ ನಿಂತು, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಕುಡಿದವನಿಗೆ ಧೈರ್ಯ ಬಂತು. ಕೆನ್ನೆಗೆ ಒಂದು ಕೊಟ್ಟ. ಅವರು ಅಲುಗಲಿಲ್ಲ. ಎದೆಗೆ ಗುದ್ದಿದ. ಮೂಗಿಗೆ ಗುದ್ದಿದ. ಮೂಗಿನಿಂದ ರಕ್ತ ಸುರಿದು ಯೂನಿಫಾರ್ಮಿನ ಜೇಬಿಗೆ ಇಳಿಯಿತು. ಮಂಡಿಗೆ ಒದ್ದಾಗ ಮಾತ್ರ ಒಂದು ಕಾಲು ಮಡಿಚಿತು. ಮತ್ತೆ ಎದ್ದು ನಿಂತರು. ಕೈ ಮಾತ್ರ ಕಂಕುಳಿನಿಂದ ಈಚೆ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಆ ಕುಡುಕನ ಕಾಲರು ಹಿಡಿದು ಗೇಟಿಗೆ ಅಪ್ಪಳಿಸಿದೆ. ಗೇಟಿನ ತಗಡು ಗುಂಯ್ ಎಂದಿತು. ಇನ್ನೊಮ್ಮೆ ಅಪ್ಪಳಿಸುವಷ್ಟರಲ್ಲಿ ಹ್ಯಾಮರಣ್ಣ ಕೂಗಿದರು: “ಬುಡ್ಲಾ ಅವನ್ನ! ನಿಂಗ್ಯಾರ್ ಯೇಳಿದ್ರು?” ಆಮೇಲೆ ಗುಂಪಿನ ಕಡೆ ತಿರುಗಿ, ರಕ್ತ ಉಗಿದು ಹೇಳಿದರು: “ಇವನ್ನ ಒಡಿಯಾಕೆ ನಂಗೆ ಬರಲ್ವಾ? ಒಡಿತೀನಿ. ಬೆರಳು ಮುರೀತದೆ. ರಾತ್ರಿ ಅವಳನ್ನ ಎತ್ತಿ ಬಚ್ಚಲಿಗೆ ಕರ್ಕೊಂಡೋಗಾಕೆ ನೀವ್ ಬತ್ತೀರಾ?”

ಆಗ ಪ್ಯಾಕಿಂಗ್ ಸೆಕ್ಷನ್ನಿನ ಅಕ್ಕ ಒಬ್ಬರು, ಯಾವತ್ತೂ ದನಿ ಎತ್ತದವರು, ಮುಂದೆ ಬಂದರು. ಅವರ ಬೆಳೆದ ಮಗನಿಗೆ ಮೂರ್ಛೆರೋಗ, ಬುದ್ಧಿಯೂ ಬೆಳೆದಿಲ್ಲ.

“ನಗ್ರಪ್ಪಾ, ನನ್ ಮುಂದೆ ನಗಿ. ನನ್ ಮಗನೂ ನನ್ನ ಹೊಡೀತಾನೆ. ಹೆಂಗಸು ಹೇಳಿದ್ರೆ ಅದು ತಾಯಿ ಧರ್ಮ ಅಂತೀರಾ, ಗಂಡಸು ಹೇಳಿದ್ರೆ ನಗ್ತೀರಾ. ಏಟು ಇಬ್ರಿಗೂ ಒಂದೇ ಕಣ್ರೀ.”

ಯೂನಿಯನ್ ಬೇಡಿಕೆಯನ್ನು ಸೇರಿಸಿಕೊಂಡಿತು. ಮನೆಯಲ್ಲಿ ಕೈಲಾಗದವರನ್ನು ನೋಡಿಕೊಳ್ಳುವ ಕೆಲಸಗಾರನಿಗೆ ತಿಂಗಳಲ್ಲಿ ಕೆಲವು ದಿನ ಸಂಬಳದ ರಜೆ; ಆ ದಿನ ನೋಡಿಕೊಳ್ಳಲು ಕಲಿತ ಒಬ್ಬರನ್ನು ಕಂಪನಿಯೇ ಮನೆಗೆ ಕಳಿಸಬೇಕು. ಮಾತುಕತೆ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಕಂಪನಿ ಒಂದು ಮಾತು ಹೇಳಿ ಕಳಿಸಿತು: ಉಳಿದ ಎಲ್ಲ ಬೇಡಿಕೆಗೆ ನಾಳೆಯೇ ಸಹಿ ಹಾಕುತ್ತೇವೆ, ಹ್ಯಾಮರಣ್ಣನ ಫೈಲನ್ನೂ ಮುಚ್ಚುತ್ತೇವೆ, ಈ ರಿಲೀವರ್ ವಿಷಯ ಒಂದನ್ನು ಬಿಡಿ.

ಕಾರ್ಖಾನೆಯ ಎದುರಿನ ಗಣಪತಿ ಗುಡಿಯ ಅಂಗಳದಲ್ಲಿ ಎಲ್ಲ ಕೆಲಸಗಾರರ ಸಭೆ ಸೇರಿತು. ಯೂನಿಯನ್ ಸೆಕ್ರೆಟರಿ ಮಾತಿನ ಮಲ್ಲ. ಮೈಕು ಹಿಡಿದು ಹೇಳಿದ: “ನಮ್ಮ ಹ್ಯಾಮರಣ್ಣ ದೇವರಂಥ ಮನುಷ್ಯ. ಇಂಥ ಗಂಡನನ್ನು ಪಡೆಯೋಕೆ ಪುಣ್ಯ ಮಾಡಿರಬೇಕು. ಅವರ ಪ್ರೀತಿ ಮುಂದೆ ಈ ರಜೆಗಿಜೆ ಎಲ್ಲ ಯಾವ ಲೆಕ್ಕ ಕಣ್ರೀ? ಅವರ ಕೆಲಸ ಉಳಿದ್ರೆ ಸಾಕು. ಈ ಬೇಡಿಕೆ ಈ ಸಲ ಬಿಡೋಣ. ಅವರಿಗೊಂದು ದೊಡ್ಡ ಸನ್ಮಾನ ಮಾಡೋಣ.”

ಚಪ್ಪಾಳೆ ಬಿತ್ತು. ಹ್ಯಾಮರಣ್ಣ ಜನರನ್ನು ತಳ್ಳಿಕೊಂಡು ಮುಂದೆ ಹೋಗಿ ಮೈಕು ಕಿತ್ತುಕೊಂಡರು. ಅವರ ದನಿಗೆ ಮೈಕು ಬೇಕಿರಲಿಲ್ಲ. ಕಿತ್ತುಕೊಂಡದ್ದು ಅವನ ಬಾಯಿ ಮುಚ್ಚಿಸಲು.

“ದೇವ್ರು ಅಂದೋನ್ ಯಾವನ್ಲಾ? ನಾನ್ ಯೇಳ್ತೀನಿ ಕೇಳ್ರಿ. ಓದ್ ವರ್ಸ ಗೌರಿ ಅಬ್ಬ. ಮೂರ್ ದಿನದಿಂದ ನಿದ್ದೆ ಇರಲಿಲ್ಲ ನಂಗೆ. ಮಧ್ಯಾನ ಅನ್ನ ಉಣ್ಣಿಸ್ತಿದ್ದೆ. ತಟ್ಟೆ ಎತ್ತಿ ಮಕಕ್ಕೆ ಒಡೆದ್ಲು. ಬಿಸಿ ಸಾರು ಕಣ್ಣಿಗೋಯ್ತು. ಪಕ್ದಾಗೆ ದಿಂಬಿತ್ತು. ತಗಂಡೆ. ಅವಳ ಮಕದ ಮ್ಯಾಲಿಟ್ಟು ಒತ್ತಿದೆ. ಈ ಕೈಲಿ.”

ಕೈ ಎತ್ತಿ ತೋರಿಸಿದರು.

“ಒದ್ದಾಡಿದ್ಲು. ಬುಡ್ಲಿಲ್ಲ ನಾನು. ಕಾಲು ಬಡಿಯೋದು ಕಮ್ಮಿ ಆಯ್ತು. ಆಗ್ಲೂ ಬುಡ್ಲಿಲ್ಲ. ಕಣ್ ಕಾಣ್ದಿರೋ ನಮ್ಮತ್ತೆ ತಡಕಾಡ್ಕಂಡ್ ಬಂದು ನನ್ ಕೂದ್ಲು ಇಡಿದು ಎಳೆದು, ಕಿವಿ ಕಚ್ಚಿ ಬುಡಿಸಿದ್ಲು. ಅವತ್ತು ಆಯಮ್ಮ ಇಲ್ದಿದ್ರೆ ನಾನು ಜೈಲಲ್ಲಿ, ಅವಳು ಸುಡುಗಾಡಲ್ಲಿ. ಉಸಿರು ಬಂದ್ ಮೇಲೆ ಅವಳು ಏನ್ ಕೇಳಿದ್ಲು ಗೊತ್ತಾ? ‘ಊಟ ಆಯ್ತಾ’ ಅಂದ್ಲು. ಪ್ರೀತಿ ಇಲ್ಲ ಅಂತ ಒತ್ತಲಿಲ್ಲ ಕಣ್ರಪ್ಪಾ. ಪ್ರೀತಿ ಇದ್ದೂ ಒತ್ತಿದೆ. ಇಲ್ಲಿರೋರಲ್ಲಿ ಇನ್ನೆಷ್ಟ್ ಜನ ದಿಂಬು ನೋಡಿದೀರೋ ನಂಗೊತ್ತಿಲ್ಲ. ನಂಗೆ ಶಾಲು ಬ್ಯಾಡ. ನನ್ ಕೆಲಸ ಉಳಿಸ್ಬ್ಯಾಡಿ. ಅವಳನ್ನ ನನ್ ಕೈಯಿಂದ ಉಳಿಸಾಕೆ ಯಾರಾದ್ರೂ ಮನೇಗ್ ಬರ್ಬೇಕು. ಅಷ್ಟೇ ನಾನ್ ಕೇಳ್ತಿರೋದು.”

ಮೈಕನ್ನು ಸೆಕ್ರೆಟರಿಯ ಎದೆಗೆ ತಳ್ಳಿ, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಮನೆಯಲ್ಲಿ ಹೆಂಡತಿಯನ್ನು ಕಾಯುವ ಅತ್ತೆಯ ಹೊತ್ತು ಮುಗಿದಿತ್ತು.

ಸೆಕ್ರೆಟರಿ ಬೆವರು ಒರೆಸಿಕೊಂಡ. ಅವನ ದನಿ ಇಳಿದಿತ್ತು. “ಈ ಬೇಡಿಕೆ ಬಿಡೋಣ ಅನ್ನೋರು ಕೈ ಎತ್ತಿ,” ಎಂದ. ಒಂದು ಕೈಯೂ ಏಳಲಿಲ್ಲ. ಮೂಗಿಗೆ ಗುದ್ದಿದ ಪ್ರೆಸ್ ಶಾಪಿನವನು ನನ್ನ ಪಕ್ಕದಲ್ಲೇ ಇದ್ದ. ಅವನು ಎರಡೂ ಕೈ ಜೇಬಿನಲ್ಲಿ ತುರುಕಿಕೊಂಡು ನೆಲ ನೋಡುತ್ತ ನಿಂತಿದ್ದ.

ಕಂಪನಿ ಸುಲಭಕ್ಕೆ ಒಪ್ಪಲಿಲ್ಲ. ಮುಷ್ಕರ ಹೂಡಿದೆವು, ಹ್ಯಾಮರ್‌ಗಳು ನಿಂತವು, ಕುಲುಮೆ ಆರಿತು, ಆಮೇಲೆ ಒಪ್ಪಿತು. ಫೈಲೂ ಮುಚ್ಚಿತು. ಕೇಳಿದ್ದಕ್ಕಿಂತ ಕಡಿಮೆ ಕೊಟ್ಟರು: ತಿಂಗಳಿಗೆ ಎರಡೇ ದಿನ. ಆದರೂ ಇವತ್ತು ನಮ್ಮ ಕಾರ್ಖಾನೆಯಲ್ಲಿ ಅದನ್ನು ಯಾರೂ ದಯೆ ಎನ್ನುವುದಿಲ್ಲ, ನಾಚಿಕೆಯಿಂದ ಕೇಳುವುದೂ ಇಲ್ಲ.

ಆ ಸಂಜೆ ಗುಡಿಯ ಸಭೆ ಮುಗಿದ ತಕ್ಷಣ ನಾನು ಸರ್ವಿಸ್ ರೋಡಿಗೆ ಓಡಿದ್ದೆ. ಹ್ಯಾಮರಣ್ಣ ಬಸ್ ಸ್ಟಾಪಿನ ಕಂಬಕ್ಕೆ ಒರಗಿ ನಿಂತಿದ್ದರು. ನನ್ನನ್ನು ಕಂಡು ಮುಖ ಆಚೆ ತಿರುಗಿಸಿದರು. ಆ ಮಾತು ಹೇಳಿದ ಮೇಲೆ ನಾನು ಅವರ ಹತ್ತಿರ ಬರುವುದಿಲ್ಲ ಎಂದುಕೊಂಡಿದ್ದರೋ ಏನೋ.

“ಅಣ್ಣಾರ, ಬಿಡೂನು ಅಂತ ಒಬ್ಬಾಂವನೂ ಕೈ ಎತ್ತಲಿಲ್ರೀ. ಗೆದ್ದೀವಿ.”

ಅವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಕೂಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಲಗುಂಟೆಯ ಬಸ್ಸು ಬಂತು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು, ಕಂಡಕ್ಟರು ಬೈಯುತ್ತಿದ್ದರೂ ಬಸ್ಸನ್ನು ನಿಲ್ಲಿಸಿಕೊಂಡು, ಹೊಸಬನಿಗೆ ಮಷೀನು ಒಪ್ಪಿಸುವವರಂತೆ ಬೆರಳು ತೋರಿಸಿ ಹೇಳಿದರು:

“ಮನೇಗ್ ಬರೋರಿಗೆ ಮೊದ್ಲು ಯೇಳ್ಬುಡು ಕಣ್ಲಾ. ಅವಳು ಒಡಿಯಾದು ಎಡಗೈಲಿ. ಬಲಗಡೆ ನಿಂತ್ಕಬೇಕು.”